ಭಾವ ನೆಟ್ಟ ಹನ್ನೆರಡು ಕಡ್ಡಿ

ನನ್ನ ಭಾವ, ಅಂದರೆ ಅಕ್ಕನ ಗಂಡ, ನಿವೃತ್ತ ಪ್ರಾಂಶುಪಾಲರು. ಮೂವತ್ತು ವರ್ಷ ಎದುರಿಗೆ ಜನರನ್ನು ಕೂರಿಸಿಕೊಂಡು ತಾವೊಬ್ಬರೇ ಮಾತಾಡಿದವರು. ನಿವೃತ್ತಿಯಾದ ಮೇಲೆ ಕೂರುವವರು ಸಿಗದೆ ಗಿಡಗಳ ಕಡೆ ತಿರುಗಿದರು. ಗಿಡ ಎದ್ದು ಹೋಗುವುದಿಲ್ಲವಲ್ಲ. ಮೂರು ಪುಸ್ತಕ ಓದಿ, ಊರಿನ ತೋಟಪ್ರಿಯರ ಸಂಘಕ್ಕೆ ಅಧ್ಯಕ್ಷರೂ ಆದರು. ನಾನು ಇಪ್ಪತ್ತೆರಡು ವರ್ಷದಿಂದ ನರ್ಸರಿಯಲ್ಲಿ ಕಡ್ಡಿ ನೆಟ್ಟು ಸಸಿ ಮಾಡುವವಳು. ನನ್ನನ್ನು ಅವರು ಪರಿಚಯಿಸುತ್ತಿದ್ದದ್ದು, ನಾದಿನಿ, ಏನೋ ಮಣ್ಣಿನ ಕೆಲಸ ಮಾಡುತ್ತಾಳೆ ಎಂದು.

ಸಂಘದ ಹಳೆಯ ಗೋಡೆಯ ಮೇಲೆ ನೀಲಿ ಹೂವಿನ ಬಳ್ಳಿಯೊಂದು ಹಬ್ಬಿತ್ತು. ಅದು ಬೀಜ ಕಟ್ಟುತ್ತಿರಲಿಲ್ಲ, ಊರಲ್ಲಿ ಬೇರೆಲ್ಲೂ ಇರಲಿಲ್ಲ. ರಸ್ತೆ ಅಗಲ ಮಾಡಲು ಗೋಡೆ ಒಡೆಯುತ್ತಾರೆಂದು ಗೊತ್ತಾದಾಗ, ಬಳ್ಳಿಯನ್ನು ಉಳಿಸುವ ಹೊಣೆಯನ್ನು ಭಾವ ಮೈಮೇಲೆ ಎಳೆದುಕೊಂಡರು.

ನೆಡಲು ಕಡ್ಡಿ ಕತ್ತರಿಸುವ ದಿನ ಅಕ್ಕನೂ ನಾನೂ ಜೊತೆಗಿದ್ದೆವು. ಭಾವ ಹೂ ತುಂಬಿದ ತುದಿಗಳನ್ನೇ ಆರಿಸುತ್ತಿದ್ದರು. ಹೂ ಬಿಟ್ಟ ಕಡ್ಡಿ ಬೇರು ಬಿಡುವುದು ಕಷ್ಟ, ಹೂವಿಲ್ಲದ, ಪೆನ್ಸಿಲ್ ದಪ್ಪದ ಕಡ್ಡಿ ತೆಗೆಯಿರಿ ಎಂದೆ.

"ನಿಮ್ಮ ನರ್ಸರಿ ವ್ಯಾಪಾರ ಬೇರೆ, ಶಾಸ್ತ್ರ ಬೇರೆ ಕಣಮ್ಮ" ಎಂದರು.

ಹನ್ನೆರಡು ಕಡ್ಡಿಗಳನ್ನು ಬರೀ ಗೊಬ್ಬರ ತುಂಬಿದ ಕುಂಡಗಳಲ್ಲಿ ನೆಟ್ಟು, ತಾರಸಿಯ ಸುಡುಬಿಸಿಲಲ್ಲಿ ಸಾಲಾಗಿ ನಿಲ್ಲಿಸಿದರು. ಎರಡು ತಲೆಕೆಳಗಾಗಿದ್ದವು. ನೋಡಿಯೂ ಸುಮ್ಮನಿದ್ದೆ. ದಿನಾ ಬೆಳಗ್ಗೆ ಒಂದೊಂದನ್ನೂ ಕಿತ್ತು, ಭೂತಗನ್ನಡಿ ಹಿಡಿದು ಬೇರು ಬಂತೇ ಎಂದು ನೋಡಿ, ನೋಟ್‌ಬುಕ್ಕಿನಲ್ಲಿ ಬರೆದು, ಮತ್ತೆ ಚುಚ್ಚುತ್ತಿದ್ದರು. ಹದಿನೈದೇ ದಿನಕ್ಕೆ ಹನ್ನೆರಡೂ ಕರಟಿಹೋದವು. ನಲ್ಲಿ ನೀರಿನ ದೋಷ ಎಂದು ತೀರ್ಪಾಯಿತು. ನಾನು ಕೆಲಸದ ಶೆಡ್ಡಿನಲ್ಲಿ ಈ ಕಥೆ ಹೇಳಿ ಎಲ್ಲರನ್ನೂ ನಗಿಸಿದೆ. ಅಷ್ಟರಲ್ಲಿ ಗೋಡೆ ನೆಲಸಮವಾಗಿತ್ತು. ಬಳ್ಳಿ ಹೋಯಿತಲ್ಲ ಎಂಬ ಸಂಕಟಕ್ಕಿಂತ ನನಗೆ ಭಾವ ಸೋತ ಖುಷಿಯೇ ಹೆಚ್ಚಾಗಿತ್ತು.

ಮುಂದಿನ ಭಾನುವಾರ ಅಕ್ಕನ ಮನೆಯಲ್ಲಿ ಕೈ ತೊಳೆಯಲು ಹಿಂದಿನ ಬಚ್ಚಲಿಗೆ ಹೋದೆ. ಕಿಟಕಿಯ ಕಟ್ಟೆಯ ಮೇಲೆ, ಪ್ಲಾಸ್ಟಿಕ್ ಚೀಲ ಮುಚ್ಚಿದ ಆರು ಸಣ್ಣ ಡಬ್ಬಗಳು. ಒಳಗೆ ತೇವದ ಮರಳು, ಮರಳಲ್ಲಿ ಗೆಣ್ಣಿನ ಕೆಳಗೆ ನೀಟಾಗಿ ಕತ್ತರಿಸಿದ ಕಡ್ಡಿಗಳು. ಕೆಳಗಿನ ಎಲೆಗಳನ್ನು ಕಿತ್ತು, ಮೇಲಿನವನ್ನು ಅರ್ಧಕ್ಕೆ ಕತ್ತರಿಸಲಾಗಿತ್ತು. ಐದರಲ್ಲಿ ಹೊಸ ಚಿಗುರು.

ಹೂವಿಲ್ಲವೆಂದು ಭಾವ ಬಿಸಾಡಿದ ಕಡ್ಡಿಗಳನ್ನು ಅಕ್ಕ ಅಂದೇ ಆರಿಸಿ ತಂದಿದ್ದಳು. ನನ್ನನ್ನು ನೋಡಲು ನರ್ಸರಿಗೆ ಬಂದಾಗಲೆಲ್ಲ ಅವಳು ಮೂಟೆಗೆ ಒರಗಿ ತೂಕಡಿಸುತ್ತಾಳೆ ಎಂದುಕೊಂಡಿದ್ದೆ. ನಿಜಕ್ಕೂ ಅವಳು ನನ್ನ ಕೈಕೆಲಸ ನೋಡುತ್ತಿದ್ದಳು. ಯಾಕೆ ಹೇಳಲಿಲ್ಲ ಎಂದೆ.

"ಯಾರು ಕೇಳಿದ್ರು? ನೀನಾದ್ರೂ ಕೇಳಿದ್ಯಾ?"



ಸಂಘದ ಸಭೆಗೆ ಆ ಐದು ಸಸಿಗಳೂ ಹೋದವು, ಭಾವನ ಕೈಯಲ್ಲಿ. ಹನ್ನೆರಡರಲ್ಲಿ ಐದು ಉಳಿದವು, ಒಳ್ಳೆಯ ಗೊಬ್ಬರ, ಧಾರಾಳ ಬಿಸಿಲು, ದಿನವೂ ಕಿತ್ತು ಬೇರಿನ ಪರೀಕ್ಷೆ, ಇದೇ ಗುಟ್ಟು ಎಂದು ಅವರು ಮುಕ್ಕಾಲು ಗಂಟೆ ಭಾಷಣ ಮಾಡಿದರು. ಸದಸ್ಯರು ತಲೆಯಾಡಿಸುತ್ತ ಎಲ್ಲವನ್ನೂ ಬರೆದುಕೊಂಡರು. ಅಕ್ಕ ಎದ್ದು ನಿಂತಳು.

"ಏನೂಂದ್ರೆ, ಅದನ್ನ ಬರ್ಕೋಬೇಡಿ ಅಂತ ಹೇಳಿ ಅವರಿಗೆ. ನಿಮ್ಮ ಹನ್ನೆರಡೂ ಸತ್ತುಹೋದ್ವು. ಇವು ನಾನು ಬಚ್ಚಲಲ್ಲಿ ಮಾಡಿದ್ದು. ದಿನಾ ಕಿತ್ತಿದ್ರೆ ಇವೂ ಸಾಯ್ತಿದ್ವು."

ಭಾವ ನಕ್ಕರು. ಮನೆಯವರು ಬೇರೆ ತಾವು ಬೇರೆಯೇ ಎಂದು ಸಭೆಯನ್ನೇ ಕೇಳಿದರು. ಕಾರ್ಯದರ್ಶಿ ಚಪ್ಪಾಳೆಯನ್ನೂ ತಟ್ಟಿದ. ಆದರೆ ಹಿಂದಿನ ಸಾಲಿನ ದರ್ಜಿಯೊಬ್ಬರು ಅಕ್ಕನ ಕಡೆ ತಿರುಗಿ, ಹಾಗಾದರೆ ಕಡ್ಡಿಯನ್ನು ಎಲ್ಲಿ ಕತ್ತರಿಸಬೇಕಮ್ಮ ಎಂದು ಕೇಳಿದರು. ಅಕ್ಕ ಮುಂದೆ ಹೋಗಿ ತೋರಿಸಿದಳು. ಕೆಲವರು ಹಾಳೆ ತಿರುವಿ ಹೊಸದಾಗಿ ಬರೆಯತೊಡಗಿದರು. ಭಾವ ನೀರು ಕುಡಿಯಲೆಂದು ಹೊರಗೆ ಹೋದವರು ಮರಳಿ ಬರಲಿಲ್ಲ.

ನಾಲ್ಕು ಸಸಿಗಳು ಸಂಘ ಕಟ್ಟಿಸಿದ ಹೊಸ ಗೋಡೆಯ ಬುಡಕ್ಕೆ ಹೋದವು. ಐದನೆಯದನ್ನು ಅಕ್ಕ ನರ್ಸರಿಗೆ ತಂದಳು, ವಾರಕ್ಕೆ ಮೂರು ದಿನ ಈಗ ಅವಳೂ ನನ್ನ ಪಕ್ಕದಲ್ಲೇ ಕೆಲಸಕ್ಕೆ ಕೂರುತ್ತಾಳೆ. ಸಂಘದ ವಾರ್ಷಿಕ ಸಂಚಿಕೆಯಲ್ಲಿ ಮಾತ್ರ ಭಾವನ ಭಾಷಣವೇ ಅಚ್ಚಾಯಿತು, ಫೋಟೊ ಸಮೇತ. ಅದನ್ನು ನಂಬಿ ಕಡ್ಡಿ ಕೊಂದವರು ಒಬ್ಬೊಬ್ಬರಾಗಿ ನಮ್ಮಲ್ಲಿಗೆ ಬರುತ್ತಾರೆ. ನಾನು ಅವರನ್ನು ಸರಿಯಾಗಿ ಬೈಯುತ್ತೇನೆ. ಅಕ್ಕ ಹೇಳಿಕೊಡುತ್ತಾಳೆ.