ತವರಿನ ವಿಮೆ

ಗುಡೂರು ಶಾಲೆಯ ರಾಚಯ್ಯ ಮಾಸ್ತರರಿಗೆ ಗೊತ್ತಿಲ್ಲದ ವಿಷಯವಿರಲಿಲ್ಲ. ಗೊತ್ತಿಲ್ಲದಿದ್ದರೂ ಅವರು ಹೇಳದೆ ಬಿಡುತ್ತಿರಲಿಲ್ಲ. ಫೆಬ್ರವರಿಯಲ್ಲಿ ಬಸವೇಶ್ವರಿ ಟೀಚರು ಸಂಬಳದ ತೆರಿಗೆ ಫಾರ್ಮು ತುಂಬುತ್ತಿದ್ದಾಗ ಮಹಾಶಯರು ಇಣುಕಿ ನೋಡಿದರು.

“ಅವ್ವನ ಆರೋಗ್ಯ ವಿಮಾ ಕಂತು ತೋರಸಾಕತ್ತೀರೇನ್ರಿ? ಮದುವಿ ಮಾಡಿ ಕೊಟ್ಟ ಮಗಳಿಗೆ ಅದರ ತೆರಿಗಿ ವಿನಾಯಿತಿ ಬರೂದಿಲ್ರಿ. ಗಂಡಮಕ್ಕಳಿಗೆ ಅಷ್ಟ.”

ಬಸವೇಶ್ವರಿ ಪೆನ್ನು ಕೆಳಗಿಟ್ಟಳು. ಕೆರೂರಿನಲ್ಲಿ ಅಣ್ಣನ ಮನೆಯಲ್ಲಿದ್ದ ತಾಯಿ ಸಿದ್ದಲಿಂಗವ್ವನಿಗೆ ಅರವತ್ತೆಂಟು. ಕಂತು ವರ್ಷಕ್ಕೆ ಮೂವತ್ತೆರಡು ಸಾವಿರ. ‘ತೆರಿಗಿ ಉಳಿತೈತಿ, ನನಗೇನೂ ಭಾರಿಲ್ಲ’ ಎಂದು ಮಗಳು ಆಣೆ ಮಾಡಿದ ಮೇಲೆಯೇ ಆ ಹಟಮಾರಿ ಮುದುಕಿ ಒಪ್ಪಿದ್ದಳು. ಈಗ ಮಗಳಿಂದ ವಿಷಯ ತಿಳಿದದ್ದೇ ತಡ, ಫೋನಿನಲ್ಲಿ ಖಡಾಖಡಿ ಹೇಳಿಬಿಟ್ಟಳು.

“ಏಪ್ರಿಲ್‌ನ್ಯಾಗ ಮತ್ತ ಕಟ್ಟಬ್ಯಾಡವ್ವಾ. ನನಗೇನಾಗೇತಿ? ಗಟ್ಟಿಮುಟ್ಟ ಅದೀನಿ.”

ಗಟ್ಟಿಮುಟ್ಟಂತೆ! ಮೊನ್ನೆ ಸಂಕ್ರಮಣಕ್ಕೆ ಹೋದಾಗ ಅವ್ವ ಗೋಡೆ ಹಿಡಿದು ಏಳುತ್ತಿದ್ದುದನ್ನು ಬಸವೇಶ್ವರಿ ಕಣ್ಣಾರೆ ಕಂಡಿದ್ದಳು. ವಿಮೆ ನಿಂತರೆ ಇವಳು ದವಾಖಾನೆಯ ಮೆಟ್ಟಿಲು ಹತ್ತುವುದಿಲ್ಲವೆಂಬುದು ಖಾತ್ರಿ.

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಹುನಗುಂದಕ್ಕೆ ಹೋದಳು. ಬಸ್‌ಸ್ಟ್ಯಾಂಡಿನ ಬಳಿ ಸಾಜಿಯಾ ಎಂಬ ಹೆಣ್ಣುಮಗಳು ತೆರಿಗೆಯ ಕಾಗದಪತ್ರ ಮಾಡಿಕೊಡುತ್ತಿದ್ದಳು.

“ರೊಕ್ಕ ಯಾರು ಕಟ್ಟೀರಿ?”

“ನಾನ ರಿ. ಫೋನಿನ್ಯಾಗ, ನನ್ನ ಖಾತೆದಿಂದ.”

“ಚಲೋ ಆತು, ನಗದು ಕೊಟ್ಟಿದ್ರ ಬರ್ತಿರಲಿಲ್ಲ. ತೆರಿಗಿ ಹಳೆ ಪದ್ಧತಿನೋ, ಹೊಸದೋ?”

“ಹಳೇದ ರಿ. ಮನಿ ಸಾಲ ಐತಲ್ಲ.”

“ಹಳೇದ್ರಾಗ ವಿನಾಯಿತಿ ಐತಿ. ಮತ್ತೇನ್ರಿ ಅಡ್ಡಿ?”

“ನನ್ನ ಮದುವಿ ಆಗೇತ್ರಿ...”

ಸಾಜಿಯಾ ಜೋರಾಗಿ ನಕ್ಕಳು. “ಈ ಫಾರ್ಮಿನ್ಯಾಗ ತಂದಿತಾಯಿ ಅಂತ ಬರದಾರ. ಮಗಳ ಮದುವಿ ಆಗೇತೇನು ಅಂತ ಎಲ್ಲಿ ಕೇಳ್ಯಾರ, ತೋರಸ್ರಿ! ಅತ್ತಿಮಾವಂದಿರದು ನಿಮ್ಮ ಲೆಕ್ಕಕ್ಕ ಬರೂದಿಲ್ಲ. ಹಡೆದವ್ವಂದು ಬರ್ತೈತಿ. ಅರವತ್ತು ದಾಟ್ಯಾರಂದ್ರ ಐವತ್ತು ಸಾವಿರದ ತನಕ.”

ಬಸವೇಶ್ವರಿ ಫಾರ್ಮನ್ನು ಎರಡೆರಡು ಸಲ ಓದಿದಳು. ಮದುವೆಯ ಮಾತು ಎಲ್ಲಿಯೂ ಇರಲಿಲ್ಲ. ಅಬ್ಬಾ, ಎದೆಯ ಮೇಲಿನ ಕಲ್ಲು ಇಳಿಯಿತು! ರಾಚಯ್ಯ ಮಾಸ್ತರರ ಮುಖ ನೆನೆದು ನಗು ಬಂತು, ನಗುತ್ತಲೇ ಕಣ್ಣುಗಳೂ ತುಂಬಿದವು. ಹೊರಗೆ ಬಂದವಳೇ ಫೋನು ಹಚ್ಚಿದಳು.

“ಅವ್ವಾ, ತೆರಿಗಿ ಉಳಿತೈತಿ. ಕೊಟ್ಟ ಮಗಳಿಗೂ ಬರ್ತೈತಿ.”

“ಖರೇನ?”

“ನಿನ್ನಾಣಿ, ಖರೆ.”

ಸಿದ್ದಲಿಂಗವ್ವ ಸಣ್ಣ ದನಿಯಲ್ಲಿ ಕೇಳಿದಳು.

“ಹಂಗಾದ್ರ ಬಾಗಲಕೋಟಿ ದವಾಖಾನಿಗೆ ಯಾವಾಗ ಹೋಗೂಣವ್ವಾ? ಮೊಣಕಾಲು ಭಾಳ ನೋಯ್ತೈತಿ. ಎರಡು ವರ್ಷಾತು.”

ಗುಡೂರಿನ ಬಸ್ಸು ಬಂದು ನಿಂತಿತ್ತು. ಬಸವೇಶ್ವರಿ ಅದನ್ನು ಬಿಟ್ಟು, ಕೆರೂರಿಗೆ ಯಾವ ಬಸ್ಸೆಂದು ಕೇಳಲು ಹೋದಳು.