ಉಜ್ಜಿನಮ್ಮನ ಮಚ್ಚೆಗಳು

“ಕಣ್ಣೇನು ಸಂತೇಲಿ ಮಾರ್ಕಂಡು ಬಂದವ್ಳೇನಮ್ಮಿ ನಿನ್ನ ಮಗ್ಳು? ನೋಡಿಲ್ಲಿ, ತಟ್ಟೆ ಎಡಗಡೆ ಅಷ್ಟೂ ರೋಗದ ಹುಳ ಬಿಟ್ಟವ್ಳೆ. ದರಿದ್ರ ಮುಂಡೇವು.”

ಸಾಹುಕಾರ ಗಂಗರಾಜು ರೇಷ್ಮೆ ಹುಳದ ತಟ್ಟೆಯನ್ನು ಕೂಲಿಯಾಳು ತಿಪ್ಪಮ್ಮನ ಮುಖಕ್ಕೆ ಹಿಡಿದವನು, ಅವಳ ಕೈ ಕಂಡು ಸರಕ್ಕನೆ ಹಿಂದಕ್ಕೆ ಸರಿದ. ಮದುವೆಯಾದ ಮೇಲೆ ಅವಳ ಮೈತುಂಬ ಕಡಲೆಕಾಳಿನಷ್ಟು ಗಂಟುಗಳು ಎದ್ದಿದ್ದವು. ಅದು ಹುಳಕ್ಕೂ ತನಗೂ ಅಂಟೀತೆಂಬ ಅವನ ಭಯಕ್ಕೆ ಅವಳು ತುಂಬುತೋಳಿನ ಅಂಗಿ ತೊಟ್ಟೇ ಹಿಪ್ಪುನೇರಳೆ ಸೊಪ್ಪು ಕೊಯ್ಯಬೇಕು, ಹೊರೆಯನ್ನು ಹೊಸ್ತಿಲಲ್ಲೇ ಇಳಿಸಬೇಕು. ಅವಳು ಕೊಯ್ದ ಸೊಪ್ಪು ಹುಳಕ್ಕೆ ಆಗುತ್ತಿತ್ತು, ಅವಳು ಮಾತ್ರ ಹುಳದ ಮನೆಯೊಳಗೆ ಕಾಲಿಡುವಂತಿರಲಿಲ್ಲ. ಗಂಟಿಲ್ಲದ ಮಗಳು ಸುಶ್ಮಿತಾ, ಏಳು ವರ್ಷದವಳು, ಒಳಗೆ ಕೂತು ರೋಗದ ಹುಳ ಆರಿಸುತ್ತಿದ್ದಳು.

ಅವತ್ತು ತಿಪ್ಪಮ್ಮ ಮಗಳಿಗೇ ಎರಡು ಬಿಟ್ಟಳು. ಮನೆಗೆ ಹೋಗಿ ಮುದ್ದೆ ಇಕ್ಕಿದರೆ, ಎಡಕ್ಕಿಟ್ಟ ಸಾರಿನ ಬಟ್ಟಲನ್ನು ಹುಡುಗಿ ಕೈಯಾಡಿಸಿ ಹುಡುಕುತ್ತಿದ್ದಾಳೆ. ತಿಪ್ಪಮ್ಮನ ತಾಯಿ ಉಜ್ಜಿನಮ್ಮನೂ ಕಣ್ಣು ಮಂಜಾದ ಮೇಲೆ ಹೀಗೆಯೇ ಹುಡುಕುತ್ತಿದ್ದಳು.

ಉಜ್ಜಿನಮ್ಮ ಸತ್ತ ವರ್ಷವೇ ಈ ಮಗು ಹುಟ್ಟಿತ್ತು. ಬೆನ್ನಿಗೂ ತೊಡೆಗೂ ಕಾಫಿ ಬಣ್ಣದ ಮಚ್ಚೆ, ಮುದುಕಿಗಿದ್ದಂತೆಯೇ. ಅವ್ವನೇ ತಿರುಗಿ ಬಂದಳೆಂದು ತಿಪ್ಪಮ್ಮ ಕೇರಿಗೆಲ್ಲ ಬೆಲ್ಲ ಹಂಚಿದ್ದಳು. ನೀರೆರೆಯುವಾಗ ಒಂದೊಂದೇ ಮಚ್ಚೆಗೆ ಮುತ್ತಿಟ್ಟಿದ್ದಳು.

ಮಗಳನ್ನು ಒಯ್ದು ತೋರಿಸಿದಾಗ, ಪಟ್ಟಣದ ತೆಲುಗು ಡಾಕ್ಟರಮ್ಮ ಆ ಮಚ್ಚೆಗಳನ್ನು ಪೆನ್ನಿನ ತುದಿಯಲ್ಲಿ ಎಣಿಸಿದಳು. ಒಂಬತ್ತು. ಆಮೇಲೆ ತಿಪ್ಪಮ್ಮನ ಅಂಗಿಯ ತೋಳು ಮಡಚಿಸಿ ಗಂಟುಗಳನ್ನು ನೋಡಿದಳು. ತಲೆಯ ಸ್ಕ್ಯಾನ್ ಬಂದ ಮೇಲೆ, ಕಣ್ಣಿನಿಂದ ಮೆದುಳಿಗೆ ಹೋಗುವ ನರದ ಮೇಲೆ ಗೆಡ್ಡೆ ಬೆಳೆದಿದೆ ಎಂದಳು. ಮಚ್ಚೆ, ಗಂಟು, ಗೆಡ್ಡೆ ಎಲ್ಲಕ್ಕೂ ಬೇರು ಒಂದೇ, ರಕ್ತಸಂಬಂಧದಲ್ಲಿ ಇಳಿದು ಬರುವಂಥದು. ಮುಟ್ಟಿದರೆ ಯಾರಿಗೂ ಅಂಟುವುದಿಲ್ಲ. ಎಡಗಣ್ಣು ಹೋಗಿದೆ. ಸೋಮವಾರವೇ ಬಂದು ಸೇರಿಸಿ ಔಷಧಿ ಶುರುಮಾಡಿದರೆ ಬಲಗಣ್ಣು ಉಳಿದೀತು. ಪುಕ್ಕಟೆ ಚಿಕಿತ್ಸೆಗೆ ಬರುವಾಗ ರೇಷನ್ ಕಾರ್ಡು ತರಬೇಕು.

“ನೀ ತಪ್ಪು ಕಾದಮ್ಮಾ,” ಎಂದು ತೆಲುಗಿನಲ್ಲಿ ಸಮಾಧಾನವನ್ನೂ ಹೇಳಿದಳು. ನಿನ್ನ ತಪ್ಪಲ್ಲ. ಆದರೆ ಬಸ್ಸು ಇಳಿಯುವ ಅಮರಾಪುರ ಬರುವವರೆಗೂ ತಿಪ್ಪಮ್ಮನಿಗೆ ತಾನಿಟ್ಟ ಮುತ್ತುಗಳೇ ನೆನಪಾಗುತ್ತಿದ್ದವು. ತೊಡೆಯ ಮೇಲೆ ಮಲಗಿದ್ದ ಮಗಳ ಮುಖದಲ್ಲಿ ಸತ್ತ ತಾಯಿಯೇ ಕಣ್ಣು ಬಿಟ್ಟು ನೋಡಿದಂತಾಗುತ್ತಿತ್ತು.

ಕಾರ್ಡು ಗಂಗರಾಜುವಿನ ಬೀರುವಿನಲ್ಲಿತ್ತು. ಹುಳ ಗೂಡು ಕಟ್ಟುವ ಮುಂಚೆ ಕೂಲಿಯವರು ಬಿಟ್ಟು ಹೋಗಬಾರದೆಂದು ಎಲ್ಲರ ಕಾರ್ಡನ್ನೂ ಅವನು ಈಸಿಕೊಂಡು ಇಟ್ಟುಕೊಳ್ಳುತ್ತಿದ್ದ. ಹುಳ ನಾಲ್ಕನೇ ಸಲ ಪೊರೆ ಕಳಚಿ, ನಾಲ್ಕನೇ ಜ್ವರ ಎದ್ದು ಹಗಲೂ ರಾತ್ರಿ ಸೊಪ್ಪು ತಿನ್ನುವ ಹೊತ್ತು ಅದು. ಭಾನುವಾರ ಬೆಳಿಗ್ಗೆ ತಿಪ್ಪಮ್ಮ ಅಂಗಳದಲ್ಲಿ ಸೆರಗೊಡ್ಡಿ ನಿಂತು, ಡಾಕ್ಟರಮ್ಮ ಹೇಳಿದ್ದನ್ನು ಹೇಳಿ ಕಾರ್ಡು ಕೇಳಿದಳು.

“ತಾಯಿ ಚಿಟ್ಟೇಗೆ ರೋಗ ಇದ್ರೆ ಅದರ ಮೊಟ್ಟೇನೆಲ್ಲಾ ಸುಟ್ಟಾಕ್ತಾರೆ ಕಣಮ್ಮಿ. ಯಾರೂ ಆಸ್ಪತ್ರೆಗೆ ಒಯ್ಯಲ್ಲ. ಗೂಡು ಬಿಡಿಸಿದ್ ಮ್ಯಾಲೆ ಬಾ, ಹೋಗು,” ಎಂದ ಗಂಗರಾಜು.

ಸುಶ್ಮಿತಾ ಪಕ್ಕದಲ್ಲೇ ಇದ್ದಳು. ಸುಡುವುದು ಯಾರನ್ನು ಎಂದು ಅಮ್ಮನನ್ನು ಮೆಲ್ಲಗೆ ಕೇಳಿದಳು.

ತಿಪ್ಪಮ್ಮ ತುಂಬುತೋಳಿನ ಅಂಗಿಯನ್ನು ಕಳಚಿ ಅಂಗಳಕ್ಕೆ ಎಸೆದಳು. ಹೊಸ್ತಿಲು ದಾಟಿದಳು. ಆರು ವರ್ಷ ಹೊರಗಿನಿಂದಲೇ ಕೇಳಿದ್ದ ಹುಳ ಮೇಯುವ ಸದ್ದು ಈಗ ಸುತ್ತಲೂ ಇತ್ತು. ಎಲ್ಲಕ್ಕಿಂತ ದೊಡ್ಡ ತಟ್ಟೆಯೊಳಗೆ ಎರಡೂ ಕೈಗಳನ್ನು ಮೊಣಕೈವರೆಗೆ ಇಟ್ಟಳು. ತಣ್ಣನೆಯ ಹುಳಗಳು ಗಂಟುಗಳ ಮೇಲೆ ಹತ್ತತೊಡಗಿದವು.

ಗಂಗರಾಜು ಬಾಯಿಗೆ ಬಂದದ್ದೆಲ್ಲ ಬೈದ. ಒಳಗೆ ಬಂದು ಅವಳ ಕೈ ಹಿಡಿದೆಳೆಯಲು ಮಾತ್ರ ಅವನಿಗೆ ಧೈರ್ಯವಾಗಲಿಲ್ಲ.

“ಕಾರ್ಡು ತಂದ್ಕೊಡು,” ಎಂದಳು ತಿಪ್ಪಮ್ಮ. ಇಷ್ಟು ವರ್ಷ ಸ್ವಾಮಿ ಎನ್ನದೆ ಅವನೊಡನೆ ಅವಳು ಮಾತಾಡಿರಲಿಲ್ಲ. “ಇಲ್ದಿದ್ರೆ ಒಂದು ತಟ್ಟೇನೂ ಬಿಡಾಕಿಲ್ಲ. ಎಲ್ಲಾ ಮುಟ್ತೀನಿ.”

ಅವನು ಕಾರ್ಡು ತಂದು ಹೊಸ್ತಿಲ ಮೇಲೆ ಬಿಸಾಡಿದ. ಅದು ಅಲ್ಲೇ ನಿಂತಿದ್ದ ಸುಶ್ಮಿತಾಳ ಎಡಗಾಲಿನ ಬಳಿ ಬಿತ್ತು. ಹುಡುಗಿ ಬಗ್ಗಿ ಬಲಗಡೆಯ ನೆಲವನ್ನೆಲ್ಲ ತಡಕಾಡಿದಳು.

“ಅವ್ವಾ, ಮೊಕ ತಿರುಗ್ಸು. ಎಡಕ್ಕೆ. ಇನ್ನೂ ಎಡಕ್ಕೆ,” ಎಂದು ತಿಪ್ಪಮ್ಮ ಒಳಗಿನಿಂದಲೇ ಮಗಳಿಗೆ ಹೇಳಿಕೊಟ್ಟಳು.

ಕಾರ್ಡು ಮಗಳ ಕೈಗೆ ಸಿಗುವವರೆಗೂ ತಿಪ್ಪಮ್ಮ ತಟ್ಟೆಯಿಂದ ಕೈ ತೆಗೆಯಲಿಲ್ಲ.