ಅಳಿಯ ತಂದ ಟೊಮೆಟೊ

ತರಕಾರಿ ಗೋದಾಮಿನ ಮೇಲ್ವಿಚಾರಕನಿಗೆ ತನ್ನ ಕಣ್ಣಿನ ಬಗ್ಗೆ ಭಾರಿ ಹೆಮ್ಮೆ. ಹತ್ತೊಂಬತ್ತು ವರ್ಷದಿಂದ ಅವನು ಸ್ವೆಟರ್ ತೊಟ್ಟು, ತಣ್ಣನೆಯ ಕೋಣೆಯಲ್ಲಿ ನಿಂತು, ಬೆಲ್ಟಿನ ಮೇಲೆ ಸಾಗಿ ಬರುವ ಟೊಮೆಟೊಗಳಲ್ಲಿ ಸೊಟ್ಟಗಿದ್ದದ್ದನ್ನು ಕಂಡ ಕೂಡಲೇ ಎತ್ತಿ ಎಸೆಯುತ್ತಿದ್ದ. ಉಳಿದವುಗಳ ಪೆಟ್ಟಿಗೆಗೆ ‘ತಾಜಾ’ ಎಂಬ ಹಸಿರು ಚೀಟಿ ಅಂಟಿಸುತ್ತಿದ್ದ. ನೆಂಟರ ಮನೆಯಲ್ಲಿ ತರಕಾರಿಯ ಮಾತು ಬಂದರೆ ಸಾಕು, ಗಂಟಲು ಸರಿಮಾಡಿಕೊಂಡು ಶುರು ಹಚ್ಚಿಕೊಳ್ಳುತ್ತಿದ್ದ. ಕೇಳುವವರು ಒಬ್ಬೊಬ್ಬರಾಗಿ ನೀರು ಕುಡಿಯಲು ಎದ್ದು ಹೋಗುತ್ತಿದ್ದರು. ಎಲ್ಲರಿಗೂ ಅಷ್ಟೊಂದು ಬಾಯಾರಿಕೆ ಯಾಕೆ ಎಂದು ಅವನಿಗೆ ಹೊಳೆದದ್ದು ತುಂಬಾ ತಡವಾಗಿ.

ಆ ವರ್ಷ ಅತ್ತೆ ಎರಡು ತಿಂಗಳು ಜ್ವರದಲ್ಲಿ ಮಲಗಿ, ಸೊರಗಿ ಸುಣ್ಣವಾಗಿ ಮಗಳ ಮನೆಗೆ ಬಂದರು. ಏನು ಬಡಿಸಿದರೂ ಎರಡು ತುತ್ತು ತಿಂದು ತಟ್ಟೆ ಸರಿಸಿಬಿಡುತ್ತಿದ್ದರು. ಅಳಿಯ ಗೋದಾಮಿನಿಂದ ಒಳ್ಳೊಳ್ಳೆಯ ಟೊಮೆಟೊ ಆರಿಸಿ ತಂದ. ಹೆಂಡತಿ ಹೋಳು ಮಾಡಿ, ಉಪ್ಪು ಉದುರಿಸಿ ಕೊಟ್ಟಳು.

“ಅಳಿಯಂದ್ರೇ, ಏನಿದು?” ಎಂದರು ಅತ್ತೆ, ನಿಧಾನಕ್ಕೆ ಅಗಿಯುತ್ತಾ.

“ಟೊಮೆಟೊ ಅತ್ತೆ. ಮೊದಲನೇ ದರ್ಜೆ. ನಾನೇ ಆರಿಸಿದ್ದು.”

“ಹೌದಾ? ಹಾಗಿದ್ರೆ ನನ್ನ ನಾಲಿಗೆನೇ ಕೆಟ್ಟಿರಬೇಕು ಬಿಡಿ. ಒದ್ದೆ ಕಾಗದ ಅಗಿದ ಹಾಗಾಗುತ್ತೆ.”

ಅವನೂ ಒಂದು ಹೋಳು ಬಾಯಿಗೆ ಹಾಕಿಕೊಂಡ. ಅತ್ತೆಯ ನಾಲಿಗೆಗೆ ಏನೂ ಆಗಿರಲಿಲ್ಲ.

“ರೀ, ಕಾಲುವೆ ಆಚೆ ಒಂದು ತೋಟ ಇದೆ. ಕೆಳಗಿನ ಮನೆಯವರು ಅಲ್ಲಿಂದ್ಲೇ ತರೋದು,” ಎಂದಳು ಹೆಂಡತಿ. ಕೆಳಗಿನ ಮನೆಯವರನ್ನು ಅವನು ಹಿಂದೆ ಇದೇ ಕಾರಣಕ್ಕೆ ಪೆದ್ದರು ಎಂದಿದ್ದ. ಅದನ್ನು ಅವಳು ನೆನಪಿಸಲಿಲ್ಲ. ನೆನಪಿಸಿದ್ದರೇ ಚೆನ್ನಾಗಿತ್ತು ಎನ್ನಿಸಿತು ಅವನಿಗೆ.

ಭಾನುವಾರ ಬೆಳಿಗ್ಗೆ ಸ್ಕೂಟರ್ ಹತ್ತಿದ. ತೋಟದ ಒಡತಿ ಮೊಣಕಾಲಿನವರೆಗೆ ಮಣ್ಣು ಮೆತ್ತಿಕೊಂಡು ಸಾಲುಗಳ ನಡುವೆ ಬಗ್ಗಿದ್ದಳು. “ಬನ್ನಿ ಅಣ್ಣ, ಏನು ಬೇಕು, ಕಿತ್ಕೊಡ್ತೀನಿ,” ಎಂದಳು.

“ಬೇಡಮ್ಮ, ನಾನು ಇದೇ ಕಸುಬಿನವನು. ನಾನೇ ಆರಿಸ್ಕೋತೀನಿ.”

ಕಲ್ಲಿನಂತೆ ಗಟ್ಟಿಯಾದ, ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಹ ಹನ್ನೆರಡು ಟೊಮೆಟೊಗಳನ್ನು ಆರಿಸಿ ಅವಳ ಮುಂದೆ ಹಿಡಿದ. ಅವಳು ನೋಡಿ ಕೇಳಿದಳು: “ಇದನ್ನ ಎಷ್ಟು ದೂರ ಕಳಿಸ್ತೀರಿ?”

“ದೂರ ಏನಿಲ್ಲ. ಮನೆಗೆ. ಇಲ್ಲೇ ಸೇತುವೆ ಹತ್ತಿರ.”

“ಮತ್ತೆ ಕಾಯಿ ಯಾಕೆ ಕಿತ್ರಿ? ನಾಲ್ಕು ದಿನ ಲಾರೀಲಿ ಹೋಗೋದಕ್ಕೆ ಇದು ಸರಿ. ಹತ್ತು ನಿಮಿಷದ ದಾರಿಗೆ ಹಣ್ಣೇ ತಗೊಂಡು ಹೋಗಿ.”

ಅವಳು ಕಿತ್ತು ಕೊಟ್ಟದ್ದು ಗೂನುಬೆನ್ನಿನದು, ತೊಟ್ಟಿನ ಸುತ್ತ ಬಿರುಕು ಬಿಟ್ಟದ್ದು. ಅವನ ಕೈ ಅಭ್ಯಾಸಬಲದಿಂದ ಎಸೆಯಲು ಮೇಲೆದ್ದಿತು.

“ತಿಂದು ನೋಡಿ, ಆಮೇಲೆ ಬೇಕಾದ್ರೆ ಎಸೀರಿ.”

ಕಚ್ಚಿದ. ರಸ ಗಲ್ಲದಿಂದ ಮೊಣಕೈಗೆ, ಮೊಣಕೈಯಿಂದ ಅಂಗಿಗೆ ಇಳಿಯಿತು. ಹುಳಿ, ಸಿಹಿ, ಬೆಳಗಿನ ಬಿಸಿಲಿನ ಬಿಸುಪು. ಇಂಥವನ್ನು ತಾನು ಎಷ್ಟು ಸಾವಿರ ಎಸೆದಿರಬಹುದು ಎಂದು ಲೆಕ್ಕ ಹಾಕಲು ಹೋಗಿ, ಧೈರ್ಯ ಸಾಲದೆ ಬಿಟ್ಟುಬಿಟ್ಟ. ‘ಹತ್ತೊಂಬತ್ತು ವರ್ಷ ಟೊಮೆಟೊ ನೋಡಿದೆನಪ್ಪಾ, ತಿನ್ನುವ ವಸ್ತು ಅಂತ ಗೊತ್ತೇ ಇರಲಿಲ್ಲ’ ಎಂದು ಒಳಗೊಳಗೇ ನಕ್ಕ.

“ಬಟಾಣಿ ಇದೆಯಾ?”

“ಬಟಾಣಿ ಕಾಲ ಮುಗೀತಲ್ಲ ಅಣ್ಣ. ಈಗ ಬೀನ್ಸ್.”

ತರಕಾರಿಗೂ ಕಾಲ ಎಂಬುದಿದೆ ಎನ್ನುವುದು ಈ ಕಸುಬಿನವನಿಗೆ ಮರೆತೇ ಹೋಗಿತ್ತು. ಅವನ ಗೋದಾಮಿನಲ್ಲಿ ವರ್ಷವಿಡೀ ಒಂದೇ ಕಾಲ, ಸ್ವೆಟರ್ ಕಾಲ.

ಅವಳು ಕಿತ್ತುಕೊಟ್ಟ ಹಣ್ಣಿನ ಚೀಲವನ್ನು ಸ್ಕೂಟರಿನ ಕೊಂಡಿಗೆ ನೇತುಹಾಕಿ, ರಸ್ತೆಯ ಗುಂಡಿಗಳನ್ನು ಹಾರಿಸಿಕೊಂಡು ಬಂದ. ಗಟ್ಟಿ ಟೊಮೆಟೊ ಸಾಗಿಸಿದವನಿಗೆ ಹಣ್ಣು ಸಾಗಿಸುವುದು ಹೇಗೆ ಗೊತ್ತಿರಬೇಕು? ಮನೆ ಮುಟ್ಟುವಷ್ಟರಲ್ಲಿ ಅರ್ಧ ಅಪ್ಪಚ್ಚಿಯಾಗಿ, ಪ್ಯಾಂಟೆಲ್ಲ ಕೆಂಪು. ಬಾಗಿಲು ತೆರೆದ ಹೆಂಡತಿ ಹೌಹಾರಿದಳು. “ಅಯ್ಯೋ, ಎಲ್ಲಿ ಬಿದ್ರಿ?”

“ನಾನು ಬೀಳಲಿಲ್ಲ ಕಣೆ. ನನ್ನ ಮರ್ಯಾದೆ ಬಿತ್ತು.”

ಉಳಿದದ್ದನ್ನು ಹೆಂಡತಿ ಹೆಚ್ಚಿ ಕೊಟ್ಟಳು. ಅತ್ತೆ ಎಲ್ಲ ಹೋಳುಗಳನ್ನೂ ತಿಂದರು. ಬ್ರೆಡ್ಡಿನ ಚೂರಿನಿಂದ ತಟ್ಟೆಯ ರಸವನ್ನೂ ಒರೆಸಿ ತಿಂದರು. ಆಮೇಲೆ, “ಇನ್ನೊಂದಿದೆಯಾ?” ಎಂದರು. ಹೆಂಡತಿ ಸರಕ್ಕನೆ ಅಡುಗೆಮನೆಗೆ ಹೋದಳು. ಚಾಕು ತರುವುದಕ್ಕೆ ಅವಳಿಗೆ ಸ್ವಲ್ಪ ಹೊತ್ತೇ ಹಿಡಿಯಿತು. ಬಂದಾಗ ಕಣ್ಣು ಕೆಂಪಗಿತ್ತು.

“ಯಾರು ಆರಿಸಿದ್ದು ಇದನ್ನ?” ಅತ್ತೆ ಕೇಳಿದರು.

“ನಾ...” ಎಂದು ಬಾಯಿ ತೆರೆದವನು ನುಂಗಿಕೊಂಡ. “ತೋಟದಾಕೆ, ಅತ್ತೆ. ನಾನು ಆರಿಸಿದ್ದನ್ನ ವಾಪಸ್ ಇಟ್ಕೊಂಡ್ಲು.”

ಬಂದಂದಿನಿಂದ ನಗದಿದ್ದ ಅತ್ತೆ, ಕೆಮ್ಮು ಬರುವಷ್ಟು ನಕ್ಕರು.

ಮುಂದಿನ ಭಾನುವಾರ ತಾವೂ ಬರುವುದಾಗಿ ಹಟ ಹಿಡಿದರು. ಬಸ್ಸಿನಲ್ಲಿ ಮೂವರೂ ಹೋದರು. ಅತ್ತೆ ಬೋರಲು ಹಾಕಿದ ಬುಟ್ಟಿಯ ಮೇಲೆ ಕೂತು ಒಡತಿಯೊಂದಿಗೆ ಬೀಜ, ಗೊಬ್ಬರ, ಹುಳದ ಕಾಟ ಎಂದು ಹರಟೆಗೆ ಇಳಿದರೆ, ಅಳಿಯನಿಗೆ ಬೀನ್ಸ್ ಬಿಡಿಸುವ ಕೆಲಸ ಸಿಕ್ಕಿತು. ಮೊದಲ ಎಳೆತಕ್ಕೇ ಬಳ್ಳಿ ಬುಡಸಮೇತ ಕೈಗೆ ಬಂತು.

“ಅಳಿಯಂದ್ರೇ, ಕಾಯಿ ಮಾತ್ರ ಸಾಕು!” ಅತ್ತೆ ಕೂತಲ್ಲಿಂದಲೇ ಕೂಗಿದರು. ಅವನು ಕಿವುಡನಂತೆ ಬಳ್ಳಿಯನ್ನು ಮಣ್ಣಿಗೆ ಸಿಕ್ಕಿಸುತ್ತಾ ಕೂತ. ಎಷ್ಟು ನೆಟ್ಟರೂ ಅದು ವಾಲುತ್ತಲೇ ಇತ್ತು. ಅತ್ತೆಗೆ ತಡೆಯಲಾಗಲಿಲ್ಲ. ಮಗಳು ಕೈ ಚಾಚುವ ಮೊದಲೇ ತಾವಾಗಿ ಎದ್ದು, ಸೀರೆ ಎತ್ತಿಕಟ್ಟಿ, ಸಾಲು ದಾಟಿಕೊಂಡು ಅವನಿಗೆ ಹೇಳಿಕೊಡಲು ಬಂದರು.